ಅವ್ವ ತುಂಬಿದ ಉಡಿ

ಅವಳ ಐದು ಬೆರಳು ನನ್ನ ಗಂಟಲಿನ ಮೇಲಿದ್ದವು. ನನ್ನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ!

ಮಟಮಟ ಮಧ್ಯಾಹ್ನ. ಹುಮನಾಬಾದ್ ಬೈಪಾಸಿನಲ್ಲಿ ತಾಡಪತ್ರಿ ಹೊಲಿಯುವ ಅಂಗಡಿಯ ಹಿಂದೆ. ರಕ್ತ ಕುಡಿಯುವವರು ಬಿಸಿಲಿಗೆ ಸುಟ್ಟು ಹೋಗುತ್ತಾರೆ ಅಂತ ನಿಮಗೆ ಯಾರು ಹೇಳಿದರು ಸೇಠಜಿ? ನಮ್ಮ ಕಡೆಯ ಬಿಸಿಲಿಗೆ ಸುಡುವುದು ನನ್ನಂಥವರು ಮಾತ್ರ. ನೀವು ಹಗ್ಗ ಅಳೆಯುತ್ತಾ ಇರಿ, ನಾನು ಹೇಳುತ್ತಾ ಇರುತ್ತೇನೆ.

"ತುಳಜಾರಾಮನ್ನ ಎಲ್ಲಿ ಮುಚ್ಚಿಟ್ಟೀರಿ? ಹೇಳ್ರಿ, ಏಕನಾಥ್ರ."

ಕುತ್ತಿಗೆ ಹಿಸುಕುವಾಗಲೂ ಮರ್ಯಾದೆ ಬಿಡಲಿಲ್ಲ ರೂಪಾಲಿ.

"ಗೊತ್ತಿಲ್ರೀ..."

"ನಿಮ್ಮ ನಾಡಿ ಬ್ಯಾರೇನೇ ಹೇಳಾಕತ್ತದ."

ಕೈ ಬಿಟ್ಟಳು. ಧೊಪ್ಪೆಂದು ಬಿದ್ದೆ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಪಕ್ಕದಲ್ಲಿ ಕುಳಿತು ಅತ್ತಳು!

"ನನ್ನ ಬ್ಯಾಡಂದು ಓಡ್ಯಾನೇನ್ರಿ?"

ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ.

ನನ್ನ ದಂಧೆ ನಿಮಗೆ ಗೊತ್ತಲ್ಲ. ಓಡಿಹೋದವರನ್ನು ಹುಡುಕುವುದು. ಓಡಿಬಂದವರನ್ನು ಬಚ್ಚಿಡುವುದು. ಬಸವಕಲ್ಯಾಣದಲ್ಲಿ ಒಂದು ರೂಮು, ಒಂದು ಟೇಬಲ್ಲು, ಒಂದು ಬುಲೆಟ್ ಗಾಡಿ. ಆ ಮಧ್ಯಾಹ್ನಕ್ಕೆ ಇಪ್ಪತ್ತು ದಿನ ಮೊದಲು ತುಳಜಾರಾಮ ಆ ರೂಮಿಗೆ ಬಂದು ಅಂಗಿ ಬಿಚ್ಚಿ ಬೆನ್ನು ತೋರಿಸಿದ್ದ. ಎರಡೂ ಹೆಗಲ ಕೆಳಗೆ ಸುಟ್ಟ ಗಾಯ.

ರೆಕ್ಕೆ ಇದ್ದ ಜಾಗ!

"ಮ್ಯಾಲಿಂದ, ದೇವಲೋಕದಿಂದ ತಳ್ಯಾರ್ರಿ. ರಕ್ತ ಕುಡಿಯಾಕಿನ್ನ ಪ್ರೀತಿ ಮಾಡಿದಿ ಅಂತ. ಅಕಿ ಎರಡು ಸಲ ನನ್ನ ರಕ್ತ ಕುಡದಾಳ. ಮೂರನೇ ಸಲಕ್ಕ ನಾ ಬೂದಿ ಆಗ್ತೀನಿ. ಇದು ಅಕಿಗೆ ಗೊತ್ತಿಲ್ಲ."

"ನೀವ ಅಕಿಗೆ ಹೇಳ್ರಲ್ಲ."

"ಅಕಿ ಎದುರಿಗೆ ನಿಂತ್ರ ನಾನೇ ಕೊರಳ ಕೊಡ್ತೀನ್ರಿ. ನೀವ ಹೇಳ್ರಿ. ಬಿಟ್ಟು ಹೋಗಿಲ್ಲ, ಮೂರನೇ ಸಲ ಬ್ಯಾಡ... ಇಷ್ಟ ಹೇಳ್ರಿ ಸಾಕು."

ಹೇಳುತ್ತೇನೆ ಅಂತ ಕೈಯಲ್ಲಿ ಕೈ ಇಟ್ಟೆ. ಮೋರಖಂಡಿಯಲ್ಲಿ ನಮ್ಮವ್ವ ಕೇಶರಬಾಯಿಯ ಮನೆಯಲ್ಲಿ ಅವನನ್ನು ಇಟ್ಟೆ. ಮನೆಯವರು ಕರೆಯದೆ ರೂಪಾಲಿಯಂಥವರು ಹೊಸ್ತಿಲು ದಾಟಲಾರರು. "ಯಾರನ್ನೂ ಒಳಗ ಬಾ ಅನಬ್ಯಾಡವ್ವಾ" ಅಂತ ಅವ್ವನಿಗೆ ತಾಕೀತು ಮಾಡಿದೆ.

ಆಮೇಲೆ ಅವನ ಸುಳಿವು ಹುಡುಕುತ್ತಾ ರೂಪಾಲಿ ನನ್ನ ಬೆನ್ನು ಹತ್ತಿದಳು. ಬಸ್ ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ, ಕೋರ್ಟಿನ ಗೇಟಿನಲ್ಲಿ. ಮೊದಲು ಹೆದರಿದೆ. ನಾಲ್ಕು ದಿನದಲ್ಲಿ ಅವಳ ದಾರಿ ಕಾಯತೊಡಗಿದೆ. ಅವನು ಹೇಳು ಅಂದ ಮಾತನ್ನು ಮಾತ್ರ ಅವಳಿಗೆ ತಿಳಿಸಲಿಲ್ಲ. ಎಂಥ ನಾಚಿಕೆಗೇಡು!

ಆ ಮಧ್ಯಾಹ್ನ ಬಾಯಿ ಬಿಟ್ಟೆ. "ಮೋರಖಂಡಿ. ನಮ್ಮವ್ವನ ಮನ್ಯಾಗ ಅದಾನ."

"ಅಲ್ಲಿ ನನ್ನ ಒಳಗ ಯಾರ ಕರೀತಾರ?"

"ಕರಿಯೂದು ಬ್ಯಾಡ. ಶುಕ್ರವಾರ ಕುಂಕುಮ ಹಚ್ಚಿ, ಕರಿಮಣಿ ಹಾಕ್ಕೊಂಡು ಹೊಸ್ತಿಲ ಹೊರಗ ನಿಂದರ್ರಿ. ನಮ್ಮವ್ವ ಮುತ್ತೈದೀನ್ನ ಬರೀ ಉಡೀಲೆ ಕಳಸಾಂಗಿಲ್ಲ."

ನಮ್ಮಲ್ಲಿ ಉಡಿ ತುಂಬಿದ ಮನೆ ಹೆಣ್ಣಿಗೆ ತವರು. ಐದು ಬೊಗಸೆ ಅಕ್ಕಿ, ಕೊಬ್ಬರಿ, ಒಂದು ಕುಪ್ಪಸದ ಖಣ ಸೆರಗಿಗೆ ಬಿದ್ದವು ಅಂದರೆ ಅವಳು ಮನೆಮಗಳು. ತವರಿಗೆ ಬರಲು ಮಗಳಿಗೆ ಕರೆ ಯಾಕೆ?

ಹೆದರಿ ಹೇಳಿದೆ ಅನ್ನಬಹುದು. ಸುಳ್ಳು! ಅವನು ಬೂದಿಯಾಗಲಿ, ಅವಳು ನನ್ನ ಕಡೆ ತಿರುಗಲಿ ಅಂತ ಹೇಳಿದೆ. ಕರಿಮಣಿಯನ್ನೂ ಹುಮನಾಬಾದ್ ಬಜಾರಿನಲ್ಲಿ ನಾನೇ ಆರಿಸಿ ಕೊಡಿಸಿದೆ. ಏನು ನೆನೆಯುತ್ತಾ ಆರಿಸಿದೆ ಅಂತ ಮಾತ್ರ ಕೇಳಬೇಡಿ.

ಶುಕ್ರವಾರ ಬೆಳಿಗ್ಗೆ ಹುಮನಾಬಾದಿನಲ್ಲಿ ಚಹಾ ಕುಡಿಯುತ್ತಿದ್ದೆ. ಮಾತು ತೆಗೆದುಕೊಂಡ ತುಳಜಾರಾಮನ ಕೈ ಇನ್ನೂ ನನ್ನ ಕೈ ಮೇಲೆ ಇದ್ದಂತೆಯೇ ಅನ್ನಿಸಿತು. ಅವ್ವನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ... ಇಲ್ಲ!

ಬುಲೆಟ್ ಒದ್ದೆ. ಹೈವೇಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂತು. ಮಣ್ಣಿಗಿಳಿಸಿ ದಾಟಿದೆ. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಪೊಲೀಸರು ಸೀಟಿ ಊದಿದರು. ಜೀಪು ಬೆನ್ನು ಹತ್ತಿತು. ಬಸವಕಲ್ಯಾಣದ ಬಜಾರಿನ ಗಲ್ಲಿಗೆ ನುಗ್ಗಿಸಿದೆ. ಒಂದು ಬಾಳೆಹಣ್ಣಿನ ಗಾಡಿ ಮಗುಚಿತು. ಬೈಗುಳ ಬೆನ್ನಿಗೆ ಬಿತ್ತು, ಜೀಪು ಗಲ್ಲಿಯಲ್ಲೇ ಸಿಕ್ಕಿಕೊಂಡಿತು.

ಮೋರಖಂಡಿ ಮುಟ್ಟಿದಾಗ ಅವ್ವ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಖಾಲಿ ತಾಟು.

"ಒಳಗ ಬಾ ಅನಲಿಲ್ಲೋ ಯಪ್ಪಾ! ಹೊಸ್ತಿಲದಾಗ ಉಡಿ ತುಂಬಬಾರದು, ಅದೂ ಗೊತ್ತದ. ಆದ್ರ ಹ್ಯಾಂಗ ಬರೀ ಸೆರಗಿಲೆ ಕಳಸ್ಲಿ? ಅಕ್ಕಿ ಬಿದ್ದ ಕೂಡ್ಲೆ ಅವ್ವಾ ಅಂದ್ಲು, ಒಳಗ ಹೋದ್ಲು."

ಓಡಿದೆ.

ಒಳಗೆ ತುಳಜಾರಾಮನ ಅಂಗಿ ನೆಲದ ಮೇಲಿತ್ತು. ಅಂಗಿಯ ತುಂಬ ಬೂದಿ. ರೂಪಾಲಿ ಪಕ್ಕದಲ್ಲಿದ್ದಳು, ಸೆರಗಿನ ಅಕ್ಕಿ ಚೆಲ್ಲದಂತೆ ಹಿಡಿದುಕೊಂಡು.

"ನಕ್ಕೋತ ಕೊರಳ ಕೊಟ್ಟ. 'ಏಕನಾಥ್ರು ಎಲ್ಲಾ ಹೇಳ್ಯಾರ, ಆದ್ರೂ ಬಂದೀ... ಬಾ' ಅಂದ." ತಲೆ ಎತ್ತಿದಳು. "ಏನ ಹೇಳಬೇಕಾಗಿತ್ರಿ ನೀವು?"

ಸೇಠಜಿ, ಅವನು ಸತ್ತದ್ದಕ್ಕಿಂತ ಇದು ದೊಡ್ಡದು. ಗೊತ್ತಿದ್ದೂ ಕೊಲ್ಲಲು ಬಂದಳು ಅಂದುಕೊಂಡೇ ಅವನು ಸತ್ತ!

ಎಲ್ಲ ಹೇಳಿದೆ. ಕರಿಮಣಿ ಕೊಡಿಸುವಾಗ ಮನಸ್ಸಿನಲ್ಲಿ ಇದ್ದುದನ್ನೂ ಹೇಳಿದೆ. ಮಂಡಿಯೂರಿ ಕಾಲರ್ ಬಿಚ್ಚಿದೆ.

"ಕುಡೀರಿ."

ಹಲ್ಲು ಕುತ್ತಿಗೆಗೆ ತಾಗಿತು. ಕಣ್ಣು ಮುಚ್ಚಿದೆ. ಸಮಾಧಾನ ಅನ್ನಿಸಿತು... ಹಲ್ಲು ಹಿಂದೆ ಸರಿಯಿತು.

"ಆಗೂದಿಲ್ಲ. ಅವ್ವ ಉಡಿ ತುಂಬ್ಯಾಳ. ತವರಮನಿ ರಕ್ತ ನನಗ ಕುಡಿಯಾಕ ಬರೂದಿಲ್ಲ."

ಕರಿಮಣಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.

"...ಅಣ್ಣಾ."

ಗಂಟಲು ಹಿಸುಕಿದಾಗ ಇಷ್ಟು ನೋವಾಗಿರಲಿಲ್ಲ.

ಅವ್ವನಿಗೆ ಇವತ್ತಿಗೂ ಏನೂ ಗೊತ್ತಿಲ್ಲ; ತುಳಜಾರಾಮ ಊರು ಬಿಟ್ಟ ಅಂತ ಹೇಳಿದ್ದೇನೆ. ಅವತ್ತು ಬಾಗಿಲಲ್ಲಿ ರೂಪಾಲಿಯ ಗಲ್ಲ ಹಿಡಿದು, "ನಾಗರ ಪಂಚಮಿಗೆ ಬರ್ತೀಯಿಲ್ಲವ್ವಾ?" ಅಂತ ಕೇಳಿದಳು.

"ಬರ್ತೀನವ್ವಾ. ವರ್ಷಾ ವರ್ಷಾ ಬರ್ತೀನಿ. ಅಣ್ಣ ಜೋಕಾಲಿ ಕಟ್ಟಲಿ."

ಮೂರು ಪಂಚಮಿ ಆದವು. ತಪ್ಪದೆ ಬರುತ್ತಾಳೆ. ಅವ್ವ ಕಟ್ಟಿದ ಉಂಡಿ ಮುಟ್ಟುವುದಿಲ್ಲ. ಜೋಕಾಲಿಯಲ್ಲಿ ಕುಳಿತು ದಿನವಿಡೀ ನನ್ನನ್ನೇ ನೋಡುತ್ತಾಳೆ. ತೂಗುವವನು ನಾನು.

ನಾಳೆ ಮತ್ತೆ ಪಂಚಮಿ. ಹಗ್ಗ ಗಟ್ಟಿ ನೋಡಿ ಕೊಡಿ ಸೇಠಜಿ. ಹಾಗೆ ನೋಡಬೇಡಿ... ಜೋಕಾಲಿಗೇ!