ಸಂಜೆ ಐದೂವರೆಗೆ ‘ಆರಿದೆ’

ಜನವರಿ ಹನ್ನೊಂದರ ಬೆಳಿಗ್ಗೆ ಏಳು ನಲವತ್ತಕ್ಕೆ ಒಬ್ಬ ಹೆಂಗಸು ಠಾಣೆಗೆ ಬಂದಳು. ಬಟ್ಟೆ ಹೊಲಿಯುವವಳು. ಕೆಲಸದ ಮೇಲಿಂದ ಎದ್ದು ಬಂದಿದ್ದಳೆಂದು ಕಾಣುತ್ತದೆ, ಅಳತೆಯ ಪಟ್ಟಿ ಕೊರಳಲ್ಲೇ ನೇತಾಡುತ್ತಿತ್ತು. ದಫೇದಾರರು ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನ್ನ ತಮ್ಮ ತೀರ್ಕೊಂಡಿದಾನೆ. ಬೆಚ್ಚನೆ ಮನೆ ಬಾಗಿಲಲ್ಲಿ.”

ಬೆಚ್ಚನೆ ಮನೆ ಎಂದರೆ ಪುರಸಭೆಯ ಹಳೆಯ ಸಭಾಂಗಣ. ಚಳಿ ಮಿತಿಮೀರಿದ ದಿನ ಸೂರಿಲ್ಲದವರಿಗಾಗಿ ಅದರ ಬಾಗಿಲು ತೆಗೆಯುತ್ತಿದ್ದರು. ಕಾಗದದಲ್ಲಿ ಅದಕ್ಕೆ ಬೇರೆ ಉದ್ದನೆಯ ಹೆಸರಿತ್ತು. ಅಲ್ಲಿ ಮಲಗುವವರು ಇಟ್ಟ ಹೆಸರು ಇದು.

“ನಿನ್ನೆ ಅಂಥ ಚಳಿ ಇತ್ತಮ್ಮ. ಚಳಿಗೆ ಹೋಗಿರಬೇಕು” ಎಂದರು ದಫೇದಾರರು.

“ಚಳಿಗೆ ಹೋದ ಅಂತ ಬರೀಬೇಡಿ ಸಾರ್. ಬೀಗಕ್ಕೆ ಹೋದ ಅಂತ ಬರೀರಿ. ಚಳಿಗೆ ಅಂತ ಬರೆದ್ರೆ ಇವತ್ತು ಮಧ್ಯಾಹ್ನದೊಳಗೆ ಫೈಲು ಮುಚ್ತೀರಿ. ನನಗೆ ಗೊತ್ತು.”

ಒಳಕೋಣೆಯಲ್ಲಿದ್ದ ಇನ್ಸ್‌ಪೆಕ್ಟರು ಈ ಮಾತು ಕೇಳಿ ಹೊರಗೆ ಬಂದರು. ದೂರನ್ನು ಅವಳು ಹೇಳಿದ ಹಾಗೆಯೇ ಬರೆಯಿಸಿದರು. ಎಂಟು ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಸತ್ತವನನ್ನು ಪೇಟೆಯಲ್ಲಿ ಎಲ್ಲರೂ ಕೊಡೆಯಣ್ಣ ಎನ್ನುತ್ತಿದ್ದರು. ಮುರಿದ ಕೊಡೆ ರಿಪೇರಿ ಮಾಡುವುದು ಅವನ ಕಸುಬು. ಅಕ್ಕ ಎಷ್ಟು ಕರೆದರೂ ಮನೆಯಲ್ಲಿ ಮಲಗುತ್ತಿರಲಿಲ್ಲ. ಸಣ್ಣ ಕೋಣೆಯಲ್ಲಿ ಉಸಿರು ಕಟ್ಟುತ್ತದೆ ಎನ್ನುತ್ತಿದ್ದ. ಸಭಾಂಗಣ ದೊಡ್ಡದು, ಮಾಡು ಎತ್ತರ. ಆದ್ದರಿಂದ ಅಲ್ಲಿಗೆ ಮಾತ್ರ ಹೋಗುತ್ತಿದ್ದ.

ಎಂಟೂವರೆಗೆ ಪಂಚನಾಮೆ ಆರಂಭವಾಯಿತು. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ ಭಂಗಿಯಲ್ಲೇ ದೇಹವಿತ್ತು. ಪ್ರಾರ್ಥನೆಗೆ ಕುಳಿತವನ ಹಾಗೆ ತಲೆ ಬಾಗಿತ್ತು. ಗಾಯಗಳಿಲ್ಲ. ಪಕ್ಕದ ನಲ್ಲಿಯ ನೀರು ಹೆಪ್ಪುಗಟ್ಟಿ ತುದಿಯಲ್ಲೇ ನಿಂತಿತ್ತು. ಅವನ ಮೈಮೇಲೆ ಅಂಗಿ ಮಾತ್ರ ಇತ್ತು.

“ಕೋಟಿತ್ತು ಸಾರ್” ಎಂದಳು ಅಕ್ಕ. “ಕಂದು ಬಣ್ಣದ್ದು. ನಾನೇ ಹೊಲಿದಿದ್ದು. ಒಳಗೆ ಕೊಡೆ ಬಟ್ಟೆ ಹಾಕಿ ಹೊಲಿದಿದ್ದೆ, ಗಾಳಿ ಹೋಗಬಾರದು ಅಂತ.”

ಮಹಿಳಾ ಕಾನ್‌ಸ್ಟೆಬಲ್ ಮೆಟ್ಟಿಲ ಮೇಲೆ ಹಾಸಿದ್ದ ರಟ್ಟನ್ನು ಅಳೆದಳು. “ಸಾರ್, ಇದು ಒಬ್ಬರಿಗೆ ಹಾಸಿದ್ದಲ್ಲ. ಇಬ್ಬರು ಕೂತಿದ್ದಾರೆ.”

“ಆ ಇನ್ನೊಬ್ಬರನ್ನ ಹುಡುಕು. ಕೋಟು ಅಲ್ಲಿರುತ್ತೆ” ಎಂದರು ಇನ್ಸ್‌ಪೆಕ್ಟರು.

ಒಂಬತ್ತೂ ಕಾಲಿಗೆ ಬಾಗಿಲಿಗೆ ಮೊಹರು ಬಿತ್ತು. ಅಷ್ಟರಲ್ಲಿ ಮೇಲಧಿಕಾರಿಯ ಫೋನು. ವಿಧಿವಿಜ್ಞಾನ ತಜ್ಞರು ಬರುವುದು ನಾಳೆ, ಅಲ್ಲಿಯತನಕ ಮೊಹರು ತೆಗೆಯಕೂಡದು.

“ಇವತ್ತು ಸಂಜೆ ಇನ್ನೂ ಚಳಿ ಅಂತೆ ಸಾರ್. ಮೂವತ್ತು ಜನ ಇಲ್ಲಿಗೇ ಬರ್ತಾರೆ” ಎಂದರು ಇನ್ಸ್‌ಪೆಕ್ಟರು.

“ಹಾಗಿದ್ರೆ ಸಂಜೆಯೊಳಗೆ ಕೇಸು ಮುಗಿಸಿ. ಅಪರಾಧ ನಡೆದ ಜಾಗ ಅಂತ ಬರೆದಿದ್ದು ನೀವೇ ಅಲ್ವೇನ್ರಿ?”

ಇನ್ಸ್‌ಪೆಕ್ಟರು ಫೋನು ಇಟ್ಟರು. ದೇವರು ಕೊಟ್ಟ ಚಳಿಗೆ ಮನುಷ್ಯ ಹಾಕಿದ ಬೀಗ ಸೇರಿತ್ತು, ಈಗ ಅದರ ಮೇಲೆ ತಮ್ಮದೇ ಮೊಹರು. ಬಾಗಿಲು ತೆಗೆಯುವ ಹೊತ್ತು ಸಂಜೆ ಐದೂವರೆ. ಅವರು ಗಡಿಯಾರ ನೋಡಿದರು. ಆ ದಿನ ಮತ್ತೆ ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ.

ಹತ್ತೂ ಕಾಲಿಗೆ ಸಭಾಂಗಣದ ಹಿಂಬದಿಯ ಕಚೇರಿಯಲ್ಲಿ ಮ್ಯಾನೇಜರ ವಿಚಾರಣೆ. ಮೂವತ್ತೈದರ ಆಸುಪಾಸಿನವರು. ಮೇಜಿನ ಮೇಲೆ ಪೆನ್ನು, ಸ್ಕೇಲು, ಬೀಗದ ಕೈ ಒಂದೇ ಗೆರೆಯಲ್ಲಿದ್ದವು.

“ನಿನ್ನೆ ಬಾಗಿಲು ಯಾಕೆ ತೆಗೀಲಿಲ್ಲ?”

“ನಿಯಮ ಇದೆ ಸಾರ್. ನಾಲ್ಕು ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇದ್ರೆ ತೆಗೀಬೇಕು. ನೀರಿನ ಕಚೇರಿ ಅಳತೆಗಾರರು ಐದೂವರೆಗೆ ಮಹಡಿ ಮೇಲಿನ ಉಷ್ಣಮಾಪಕ ನೋಡಿ ಫೋನ್ ಮಾಡ್ತಾರೆ.”

“ನಿನ್ನೆ ಏನಂದ್ರು?”

“ಅವರು ಹೇಳಿದ್ದನ್ನೇ ಬರೆದಿದೀನಿ.” ಪುಸ್ತಕವನ್ನು ಇನ್ಸ್‌ಪೆಕ್ಟರ ಕಡೆ ತಿರುಗಿಸಿದರು.

ಜನವರಿ ಹತ್ತು, ಸಂಜೆ ಐದೂವರೆ ಎಂಬಲ್ಲಿ ‘ಆರಿದೆ’ ಎಂದಿತ್ತು. ಅಕ್ಷರಗಳು ದುಂಡಗಿದ್ದವು.

“ಆರು ಡಿಗ್ರಿ. ನಾಲ್ಕಕ್ಕಿಂತ ಜಾಸ್ತಿ” ಎಂದರು ದಫೇದಾರರು.

ಮ್ಯಾನೇಜರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಇನ್ಸ್‌ಪೆಕ್ಟರು ಹಿಂದಿನ ಪುಟಗಳನ್ನು ತಿರುವಿದರು. 3, 5, 2, 7, 4. ನವೆಂಬರಿನಿಂದ ಎಲ್ಲವೂ ಅಂಕಿಗಳೇ. ಪುಸ್ತಕವನ್ನು ಜಪ್ತಿ ಮಾಡಿ ಮಹಜರಿಗೆ ಸೇರಿಸಿದರು.

ಹನ್ನೊಂದೂವರೆಗೆ ನೀರಿನ ಕಚೇರಿಯ ಮಹಡಿ. ಅಳತೆಗಾರರು ನಿವೃತ್ತಿಯ ಅಂಚಿನಲ್ಲಿದ್ದ ಮಾತುಗಾರರು.

“ಆರಾ? ಯಾರು ಹೇಳಿದ್ದು ಆರು ಅಂತ?”

“ನೀವೇ ಅಂತೆ.”

“ರಾಮ ರಾಮಾ! ನಿನ್ನೆ ಮೋಡ ಕವಿದು ಕತ್ತಲಾಗಿತ್ತು ಸಾರ್. ಇಲ್ಲಿ ನೋಡಿ, ಈ ಬಲ್ಬು ಹೋಗಿತ್ತು. ಫೋನ್ ಮಾಡಿ, ‘ದೀಪ ಆರಿದೆ, ಸ್ವಲ್ಪ ತಡೀರಿ’ ಅಂದೆ. ಅಷ್ಟರಲ್ಲಿ ಕಟ್ ಆಯ್ತು.”

ದಫೇದಾರರು ‘ಆರಿದೆ, ಆರು ಇದೆ’ ಎಂದು ಬಾಯಲ್ಲೇ ಹೇಳಿ ನೋಡಿಕೊಂಡರು. ನಗು ಬಂತು, ಬಂದದ್ದಕ್ಕೆ ನಾಚಿ ಕೆಮ್ಮಿದರು. “ಒಂದು ಮಾತು ತಪ್ಪಿ ಕೇಳಿ ಒಂದು ಜೀವ ಹೋಯ್ತಲ್ಲ ಸಾರ್!”

“ಆಮೇಲೆ ಏನು ಮಾಡಿದ್ರಿ?” ಇನ್ಸ್‌ಪೆಕ್ಟರು ಅಳತೆಗಾರರನ್ನು ಕೇಳಿದರು.

“ಕೆಳಗಿಳಿದು ಟಾರ್ಚು ತಂದೆ. ಈ ಮೆಟ್ಟಿಲು ನನ್ನ ಮಂಡಿಗೆ ಗೊತ್ತು. ನೋಡಿದೆ, ಎರಡು. ಮತ್ತೆ ಫೋನ್ ಮಾಡಿ ‘ಎರಡು’ ಅಂದೆ, ‘ಬೇಗ ತೆಗೀರಪ್ಪಾ, ಮೈ ನಡುಗುತ್ತೆ’ ಅಂತಲೂ ಅಂದೆ. ‘ಸರಿ’ ಅಂದ್ರು.”

ಮೊಬೈಲಿನಲ್ಲಿ ಎರಡು ಕರೆಗಳ ಗುರುತೂ ಇತ್ತು. ಐದು ಮೂವತ್ತೊಂದಕ್ಕೆ ಒಂದು, ಇಪ್ಪತ್ತು ಸೆಕೆಂಡು. ಐದು ನಲವತ್ಮೂರಕ್ಕೆ ಇನ್ನೊಂದು, ಐವತ್ತೆರಡು ಸೆಕೆಂಡು. ಎರಡೂ ಸಭಾಂಗಣದ ಫೋನಿಗೆ.

ಜೀಪಿನಲ್ಲಿ ದಫೇದಾರರು, “ಹಾಗಾದ್ರೆ ತಪ್ಪಿ ಕೇಳಿದ್ದಲ್ಲ” ಎಂದರು.

“ಆರು ಅಂತ ಕೇಳಿಸ್ಕೊಂಡವನು ಆರರ ಅಂಕಿ ಬರೀತಿದ್ದ, ದಫೇದಾರ್ರೇ. ಎರಡು ತಿಂಗಳಿಂದ ಅಂಕಿ ಬರೆದ ಕೈ ಅದು. ಅಂಕಿ ಬರೆದಿದ್ರೆ ಸುಳ್ಳಾಗ್ತಿತ್ತು. ಈತನಿಗೆ ಸುಳ್ಳು ಬರೆಯೋಕೆ ಕೈ ಬಂದಿಲ್ಲ. ತನ್ನ ಬದಲಿಗೆ ಸುಳ್ಳು ಹೇಳೋ ಒಂದು ಮಾತು ಸಿಕ್ತು, ಅದನ್ನ ಹಿಡ್ಕೊಂಡ.”

“ಆದ್ರೆ ಯಾಕೆ ಸಾರ್? ಬಾಗಿಲು ತೆಗೆದ್ರೆ ಇವನ ಗಂಟೇನು ಹೋಗ್ತಿತ್ತು?”

ಇನ್ಸ್‌ಪೆಕ್ಟರು ಗಡಿಯಾರ ನೋಡಿದರು. ಅದು ತಿಳಿಯದೆ ಮೊಹರು ತೆಗೆಯುವಂತಿರಲಿಲ್ಲ. ಸಭಾಂಗಣದ ಮುಂದೆ ಹಾದುಹೋದಾಗ ಆಗಲೇ ನಾಲ್ಕು ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಒಬ್ಬಾಕೆ ಮೊಹರಿನ ಅರಗನ್ನು ಉಗುರಿನಿಂದ ಮುಟ್ಟಿ ನೋಡುತ್ತಿದ್ದಳು.

ಒಂದೂ ಕಾಲಿಗೆ ಮಹಿಳಾ ಕಾನ್‌ಸ್ಟೆಬಲ್ ಒಬ್ಬ ಮುದುಕನನ್ನು ತೋಳು ಹಿಡಿದು ಠಾಣೆಗೆ ಕರೆತಂದಳು. ಬಸ್ ಡಿಪೋದಲ್ಲಿ, ಆಗಷ್ಟೇ ಬಂದು ನಿಂತ ಬಸ್ಸಿನ ಎಂಜಿನ್ ಪಕ್ಕದಲ್ಲಿ ಕೂತಿದ್ದನಂತೆ. ಒಂದು ಪಾದ ಊದಿಕೊಂಡು ನೆಲಕ್ಕೆ ಊರಲಾಗುತ್ತಿರಲಿಲ್ಲ. ಮೈಮೇಲೆ ಕಂದು ಕೋಟು. ಠಾಣೆಯಲ್ಲೇ ಕಾಯುತ್ತಿದ್ದ ಅಕ್ಕ ಕೋಟಿನ ಅಂಚು ಮಡಚಿ ಹೊಲಿಗೆ ನೋಡಿದಳು, ತಲೆಯಾಡಿಸಿದಳು.

ಹಿಂದೆ ಬಸ್ ಕಂಡಕ್ಟರಾಗಿದ್ದವನು. ಬೆಚ್ಚನೆ ಮನೆಯ ಬಾಗಿಲಲ್ಲಿ ನಿಂತು, “ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ” ಎಂದು ಎಲ್ಲರನ್ನೂ ಕೂಗಿ ಕೂರಿಸುತ್ತಿದ್ದನಾದ್ದರಿಂದ ಈಗಲೂ ಕಂಡಕ್ಟರೇ.

“ಈ ಕೋಟು ನಿಮಗೆ ಹೇಗೆ ಬಂತು ಅಜ್ಜ?”

“ಅವನೇ ಹೊದಿಸ್ದ. ಬೇಡ ಕಣೋ ಅಂದೆ. ‘ಸೀನಿಯರ್ ಸಿಟಿಜನ್ ಸೀಟು, ಸುಮ್ಮನೆ ಕೂತ್ಕೋ’ ಅಂದ. ಬೆಳಿಗ್ಗೆ ಮಾತಾಡಿಸ್ದೆ. ಮಾತಾಡ್ಲಿಲ್ಲ. ಭಯ ಆಯ್ತು ಸಾರ್, ತೆವಳ್ಕೊಂಡು ಹೋಗ್ಬಿಟ್ಟೆ.”

“ಮ್ಯಾನೇಜರು ನಿಮ್ಮನ್ನ ನೋಡಿದ್ರಾ?”

ಮುದುಕ ಕಣ್ಣು ಕೆಳಗೆ ಮಾಡಿದ. “ಬಸ್ಸು ನಿಲ್ಸೋದು ಬಿಡೋದು ಡ್ರೈವರ್ ಇಷ್ಟ ಸಾರ್. ಅವರನ್ನ ಯಾಕೆ ಎಳೀತೀರಿ?”

“ಮಕ್ಕಳು ಮರಿ?”

“ಇಲ್ಲ.” ಬಹಳ ಬೇಗ ಬಂತು ಉತ್ತರ. “ನನಗೆ ಯಾರೂ ಇಲ್ಲ ಸಾರ್. ಒಂಟಿ.”

ಅಕ್ಕ ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದಳು. “ತಮ್ಮ ಹೇಳಿ ನಗ್ತಿದ್ದ ಸಾರ್. ಆ ಮ್ಯಾನೇಜರ್ ಬಂದಾಗೆಲ್ಲ ಈ ಅಜ್ಜ ಪಕ್ಕದವರಿಗೆ ಮೊಣಕೈಯಲ್ಲಿ ತಿವಿದು, ‘ನಮ್ಮ ಹುಡುಗ, ನಮ್ಮ ಹುಡುಗ’ ಅಂತಿದ್ರಂತೆ. ಎಲ್ಲರೂ ತಲೆ ಕೆಟ್ಟಿದೆ ಅಂದ್ಕೊಂಡಿದ್ರು.”

ಕೋಟು ಸಾಕ್ಷ್ಯ, ಜಪ್ತಿ ಮಾಡಲೇಬೇಕು. ದಫೇದಾರರು ಕೈ ಚಾಚಿ ಹಿಂದೆಗೆದರು. ಅಕ್ಕನೇ ಮುಂದೆ ಬಂದು ಗುಂಡಿಗಳನ್ನು ಬಿಚ್ಚಿದಳು. ಮಹಿಳಾ ಕಾನ್‌ಸ್ಟೆಬಲ್ ತನ್ನ ಕಂಬಳಿ ತಂದು ಮುದುಕನಿಗೆ ಸುತ್ತಿದಳು. ವೈದ್ಯರು ಬಂದು ಪಾದಕ್ಕೆ ಪಟ್ಟಿ ಕಟ್ಟಿದರು.

ಮೂರು ಇಪ್ಪತ್ತಕ್ಕೆ ಮ್ಯಾನೇಜರನ್ನು ಠಾಣೆಗೆ ಕರೆಸಲಾಯಿತು. ಬಾಗಿಲು ದಾಟಿ ಒಳಗೆ ಬಂದರು. ಬೆಂಚಿನ ಮೇಲಿದ್ದ ಮುದುಕ ತಲೆ ಎತ್ತಿದ. ಯಾರೂ ಏನೂ ಕೇಳಿರಲಿಲ್ಲ. ಅವನ ಬಾಯಿಂದ ಮಾತು ತಾನಾಗಿ ಬಂತು.

“ಊಟ ಆಯ್ತಾ?”

“ಆಯ್ತಪ್ಪ” ಎಂದರು ಮ್ಯಾನೇಜರು.

ದಫೇದಾರರ ಪೆನ್ನು ನಿಂತಿತು. ದಿನಕ್ಕೆ ಹತ್ತು ಸಲ ಯಾರು ಯಾರಿಗೋ ಹೇಳುವ ಮಾತು ಅದು. ಹಾಲು ಹಾಕುವವನಿಗೂ ಹೇಳುತ್ತೇವೆ, ಹೆತ್ತವನಿಗೂ ಹೇಳುತ್ತೇವೆ. ಆದರೆ ಹೇಳಿದವರ ಮುಖ ಬಿಳಿಚಿಕೊಂಡಿತ್ತು.

“ಇದನ್ನೂ ಎರಡು ಥರ ಓದಬಹುದು” ಎಂದರು ಇನ್ಸ್‌ಪೆಕ್ಟರು. “ಯಾವ ಥರ ಬರ್ಕೊಳ್ಳಲಿ?”

ಮ್ಯಾನೇಜರು ನಿಂತೇ ಇದ್ದರು. ಮುದುಕ ಕಂಬಳಿಯೊಳಗಿಂದ, “ಬಿಟ್ಬಿಡಿ ಸಾರ್, ಅವರು ಯಾರೋ ದೊಡ್ಡವರು, ನಾನು ಅಭ್ಯಾಸಬಲದಿಂದ ಕೇಳ್ದೆ” ಎಂದ.

“ಸಾಕು ಸುಮ್ಮನಿರಪ್ಪ” ಎಂದರು ಮ್ಯಾನೇಜರು, ಕುರ್ಚಿ ಎಳೆದು ಕುಳಿತರು.

ಮೂರು ಐವತ್ತೈದಕ್ಕೆ ಹೇಳಿಕೆ ಮುಗಿಯಿತು. ಮೊದಲ ಕರೆಯಲ್ಲಿ ದೀಪ ಆರಿದೆ ಎಂದದ್ದು ಸರಿಯಾಗಿಯೇ ಕೇಳಿಸಿತ್ತು. ಎರಡನೆಯದರಲ್ಲಿ ‘ಎರಡು’ ಎಂದದ್ದೂ ಕೇಳಿಸಿತ್ತು. ಆರು ಗಂಟೆಗೆ ಹಿಂಬಾಗಿಲಿಂದ ಹೊರಟಾಗ ಮುಂಬಾಗಿಲ ಮೆಟ್ಟಿಲ ಮೇಲೆ ಇಬ್ಬರಿದ್ದರು. “ಇವತ್ತು ಇಲ್ಲ, ರೈಲ್ವೆ ಸ್ಟೇಷನ್ ಕಡೆ ಹೋಗಿ” ಎಂದು ಗುರುತಿಲ್ಲದವರಿಗೆ ಹೇಳುವ ಹಾಗೆ ಹೇಳಿದ್ದರು. ಕೊಡೆಯಣ್ಣ, “ಈ ಕಾಲಿಟ್ಕೊಂಡು ಇವರೆಲ್ಲಿಗೆ ಹೋಗ್ತಾರೆ, ನಾನು ಜೊತೆಗಿರ್ತೀನಿ ಬಿಡಿ” ಎಂದಿದ್ದ.

ಇನ್ಸ್‌ಪೆಕ್ಟರು ಮೇಲಧಿಕಾರಿಗೆ ಫೋನು ಮಾಡಿದರು. “ಬಾಗಿಲು, ಬೀಗ, ಮೆಟ್ಟಿಲು, ಎಲ್ಲದರ ಅಳತೆ, ಫೋಟೋ ಆಗಿದೆ ಸಾರ್. ತಪ್ಪೊಪ್ಪಿಗೆ ಆಗಿದೆ. ಮೊಹರು ತೆಗೆಸ್ತಿದೀನಿ.”

ಮೇಲಧಿಕಾರಿ, “ನಿಮ್ಮ ಜವಾಬ್ದಾರಿ” ಎಂದು ಫೋನು ಇಟ್ಟರು.

“ದಫೇದಾರ್ರೇ, ಓಡಿ. ಐದೂವರೆ ಕಾಯಬೇಡಿ. ಯಾರ ಫೋನೂ ಕಾಯಬೇಡಿ.”

ನಾಲ್ಕು ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ಮೊದಲ ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಜನ ಒಳಗೆ ಹೋದರು.

ಅದೇ ಹೊತ್ತಿಗೆ ಠಾಣೆಯಲ್ಲಿ ಬಂಧನದ ಪತ್ರ ತಯಾರಾಗುತ್ತಿತ್ತು. ಸುಳ್ಳು ದಾಖಲೆ, ಕರ್ತವ್ಯಲೋಪ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣ. ಅಕ್ಕ ಅದನ್ನು ಎರಡು ಸಲ ಓದಿಸಿ ಕೇಳಿದಳು. ಚಳಿ ಎಂಬ ಮಾತು ಸಾವಿನ ಕಾರಣದಲ್ಲಿತ್ತು, ಬೀಗ ಎಂಬ ಮಾತೂ ಇತ್ತು. “ಸರಿ” ಎಂದು ಹೇಳಿ ತಮ್ಮನ ದೇಹ ಪಡೆಯಲು ಆಸ್ಪತ್ರೆಗೆ ಹೊರಟಳು.

ಯಾಕೆ ಎಂಬುದೂ ಮ್ಯಾನೇಜರ ಹೇಳಿಕೆಯಲ್ಲಿತ್ತು. ಆತ ಮದುವೆಗೆ ಮುಂಚೆ ಹೆಂಡತಿಗೆ ಒಂದು ಮಾತು ಹೇಳಿದ್ದ. ಕುಡಿತಕ್ಕೆ ಬಿದ್ದು ಕೆಲಸ ಕಳೆದುಕೊಂಡು ಎತ್ತಲೋ ಹೋಗಿದ್ದ ತಂದೆಯನ್ನು, ತೀರಿಕೊಂಡರು ಎಂದುಬಿಟ್ಟಿದ್ದ. ಹೆಂಡತಿ ಒಳ್ಳೆಯವಳು. ಕಾಣದ ಮಾವನ ಫೋಟೋ ಇಲ್ಲವೆಂದು ಮರುಗುತ್ತಿದ್ದಳು. ಈ ಚಳಿಗಾಲದಲ್ಲಿ ಆ ‘ಸತ್ತ’ ತಂದೆ ಊರುಗೋಲಿನೊಂದಿಗೆ ಸಭಾಂಗಣಕ್ಕೆ ಬಂದ. ಹತ್ತನೆಯ ತಾರೀಖು ಸಂಜೆ ಹೆಂಡತಿ ತನ್ನ ತಾಯಿಯೊಡನೆ ಕಂಬಳಿ ಹಂಚಲು ಅಲ್ಲಿಗೇ ಬರುವವಳಿದ್ದಳು. ಬಾಗಿಲು ತೆಗೆಯುವ ದಿನವಾಗಿದ್ದರೆ ಮಾತ್ರ. ಒಂದೇ ಒಂದು ಸಂಜೆ, ನಾಳೆ ಏನಾದರೂ ದಾರಿ ಮಾಡೋಣ ಎಂದುಕೊಂಡಿದ್ದನಂತೆ. ಬದುಕಿದ್ದವನನ್ನು ಸತ್ತವನಾಗಿ ಉಳಿಸಿಕೊಳ್ಳಲು ಹೋಗಿ ಬೇರೊಬ್ಬ ಅಕ್ಕನ ತಮ್ಮನನ್ನು ಕಳೆದ. ಭಗವಂತ ಇಬ್ಬರನ್ನೂ ಹೇಗೆ ತೂಗುತ್ತಾನೋ ಅದು ಠಾಣೆಗೆ ತಿಳಿಯುವ ವಿಷಯವಲ್ಲ.

ಪತ್ರದ ಕೊನೆಯಲ್ಲಿ, ಬಂಧನದ ವಿಷಯ ಯಾರಿಗೆ ತಿಳಿಸಲಾಯಿತು ಎಂಬ ಜಾಗ ಖಾಲಿಯಿತ್ತು.

“ಯಾರಿಗೆ ಹೇಳಬೇಕು? ಹೆಂಡತಿಗಾ?” ಎಂದು ಇನ್ಸ್‌ಪೆಕ್ಟರು ಕೇಳಿದರು.

ಮ್ಯಾನೇಜರು ಅಲ್ಲವೆಂದು ತಲೆಯಾಡಿಸಿದರು. ಆಮೇಲೆ ಬೆಂಚಿನ ಕಡೆ ಕೈ ತೋರಿಸಿದರು. “ಅವರಿಗೆ ಹೇಳಿ. ಸಂಬಂಧ, ತಂದೆ ಅಂತ ಬರೀರಿ.”

ಮುದುಕನಿಗೆ ಪೆನ್ನು ಕೊಟ್ಟರು. ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದ. ಮಹಿಳಾ ಕಾನ್‌ಸ್ಟೆಬಲ್, “ಅಜ್ಜ, ಬೆಚ್ಚನೆ ಮನೆ ತೆಗೆದಿದಾರೆ. ಜೀಪಲ್ಲಿ ಬಿಟ್ಟು ಬರ್ತೀನಿ ಬನ್ನಿ” ಎಂದಳು.

“ಬೇಡಮ್ಮ. ಇಲ್ಲೇ ಇರ್ತೀನಿ” ಎಂದ ಅವನು. ಲಾಕಪ್ಪಿನ ಕಂಬಿ ಕಾಣುವ ಹಾಗೆ ಬೆಂಚಿನ ತುದಿಗೆ ಸರಿದು ಕುಳಿತ.