ತಣ್ಣಗಾಗದ ಬಾನೆಟ್

ಹಳೆ ಕಾರು ಕೊಳ್ಳುವವರು ಬೆಳ್ಳಂಬೆಳಗ್ಗೆ ಹೋಗಿ ಬಾನೆಟ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ, ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು ಆಗಲೇ ಎಂಜಿನ್ ಓಡಿಸಿದ್ದಾರೆಂದು ಅರ್ಥ. ಬ್ಯಾಂಕಿನ ವರ್ಗಾವಣೆಯಲ್ಲಿ ಕಾಶಿಗೆ ಬಂದ ನಾನು, ಅಲ್ಲಿನ ಶಿವಾಲ ಬಡಾವಣೆಯ ಗಿರಿಜಮ್ಮನವರು ಮಾರಲಿಟ್ಟಿದ್ದ ಕಾರನ್ನು ಹಾಗೆ ಮುಟ್ಟಿದಾಗ ಬೆಚ್ಚಗಿತ್ತು.

“ನಮ್ಮನೆಯವರು ಹೋದಮೇಲೆ ಯಾರೂ ಅದನ್ನ ಓಡಿಸಿಲ್ಲಪ್ಪ,” ಎಂದರು ಅವರು.

ನಾನು ನಂಬಲಿಲ್ಲ. ಸಂಜೆ ಅವರನ್ನು ಕೇಳಿಯೇ ಬ್ಯಾಟರಿ ಬಿಚ್ಚಿ, ಕೀಲಿಯ ಜೊತೆ ನನ್ನ ಮನೆಗೆ ಒಯ್ದೆ.

ಮರುದಿನ ಜನವರಿಯ ಮಂಜಿಗೆ ಬೀದಿಯ ಗಾಡಿಗಳೆಲ್ಲ ತೊಯ್ದಿದ್ದವು. ಆ ಬಾನೆಟ್ ಮಾತ್ರ ಒಣಗಿತ್ತು. ಕೈಯಿಟ್ಟೆ, ಬೆಚ್ಚಗಿತ್ತು. ಹಿರಿಯರನ್ನು ಅನುಮಾನಿಸಿದೆನಲ್ಲ ಎಂದು ಮೊದಲು ನಾಚಿಕೆಯಾಯಿತು, ಹೆದರಿಕೆಯಾದದ್ದು ಆಮೇಲೆ.

ಗಿರಿಜಮ್ಮ ಚಹಾ ತಂದುಕೊಟ್ಟು, ತಮ್ಮ ಲೋಟವನ್ನು ಬಾನೆಟ್ ಮೇಲಿಟ್ಟರು.

“ಇಲ್ಲಿಟ್ರೆ ಆರಲ್ಲ,” ಎಂದರು.