ಅಣ್ಣ ಕಟ್ಟಿಸಿದ ಅಟ್ಟ

ಮೊದಲ ಭೇಟಿಯಲ್ಲೇ ನಾನು ಅವನ ಮೂಗಿನಿಂದ ರಕ್ತ ಬರಿಸಿದೆ.

ತಪ್ಪು ಪೂರ್ತಿ ನನ್ನದಲ್ಲ. ಬೆಳಗಿನ ಹೊತ್ತು ಅಟ್ಟದ ಮೇಲೆ ಒಬ್ಬಳೇ ನಿಂತು, ಹೆಂಚಿನಡಿಯ ಗೆದ್ದಲು ತಿಂದ ರೀಪುಪಟ್ಟಿಗಳನ್ನು ಕಿತ್ತು ಎಸೆಯುತ್ತಿದ್ದೆ. ಏಣಿ ಕಿರ್ರೆಂದಿತು. ತಿರುಗಿ ನೋಡಿದರೆ ಅಟ್ಟದ ಕಿಂಡಿಯಿಂದ ಬಿಳಿ ಟೋಪಿ, ದೊಡ್ಡ ಕನ್ನಡಕ, ಮುಖ ಮುಚ್ಚಿದ ಮಾಸ್ಕು ಮೇಲೆ ಬರುತ್ತಿತ್ತು. ಕೈಯಲ್ಲಿದ್ದ ರೀಪನ್ನು ಬೀಸಿಯೇ ಬಿಟ್ಟೆ.

"ಅಯ್ಯಮ್ಮಾ!" ಎಂದಿತು ಮಾಸ್ಕು. "ಗ್ಲಾಸ್ ವೂಲ್ ಹಾಕೋಕೆ ಬಂದಿದ್ದೀನಿ ಕಣ್ರೀ! ನಿಮ್ಮಣ್ಣನೇ ಕರೆಸಿದ್ದು."

"ಕೂಗಿಕೊಂಡು ಬರೋಕೆ ಏನು ಧಾಡಿ?"

"ಕೂಗೋದರೊಳಗೆ ಹೊಡೆದ್ರಲ್ಲ!"

ಮಾಸ್ಕಿನ ಬಿಳುಪಿನಲ್ಲಿ ಕೆಂಪು ಹರಡುತ್ತಿತ್ತು. ಆದರೆ ಕನ್ನಡಕದ ಹಿಂದಿನ ಕಣ್ಣುಗಳು ನಗುತ್ತಿದ್ದವು. ಪೆಟ್ಟು ತಿಂದು ನಗುವ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಮ್ಮ ಮನೆಯಲ್ಲಿ ಕೈ ಮೊದಲು, ಬಾಯಿ ಆಮೇಲೆ. ಅಣ್ಣ ಛಾವಣಿ ಕೆಲಸದ ಕಂಟ್ರಾಕ್ಟರ್. ನನಗೆ ಉಳಿ, ಗರಗಸ ಹಿಡಿಯಲು ಕಲಿಸಿದವನು ಅವನೇ. ಕಟ್ಟಿಕೊಂಡ ಗಂಡ ನನ್ನನ್ನು ದನಕ್ಕೆ ಬಡಿದ ಹಾಗೆ ಬಡಿಯುತ್ತಿದ್ದ. ಒಂದು ದಿನ ಅವನು ನನ್ನ ಭುಜದ ಮೂಳೆ ಮುರಿದಾಗ ಅಣ್ಣ ಬಂದು, ಬಾಗಿಲಲ್ಲೇ ಅವನ ಎರಡೂ ಕೈ ಮುರಿದು, ನನ್ನನ್ನು ಎತ್ತಿಕೊಂಡು ಬಂದ. ಇದ್ದರೆ ಇಂಥ ಅಣ್ಣ ಇರಬೇಕು ಎಂದರು ಎಲ್ಲರೂ. ನಾನೂ ಅಂದೆ.

ಅಣ್ಣನ ಕೈ ಮಾತ್ರ ಆಮೇಲೆ ನಿಲ್ಲಲಿಲ್ಲ. ನನಗೆ ಟೀ ಕೊಡಿಸಿದ ಹೆಂಚಿನ ಅಂಗಡಿಯವನ ಹಲ್ಲು ಉದುರಿದವು. ನನ್ನನ್ನು ಮನೆಯವರೆಗೆ ಬಿಟ್ಟ ತಪ್ಪಿಗೆ ಇನ್ನೊಬ್ಬನ ಸ್ಕೂಟರು ಚರಂಡಿ ಸೇರಿತು. "ನಿನ್ನ ಒಳ್ಳೇದಕ್ಕೇ ಪುಟ್ಟಿ" ಎನ್ನುತ್ತಿದ್ದ. ಈಗ ತನ್ನ ಮನೆಯ ಅಟ್ಟವನ್ನೇ ನನಗೆ ರೂಮು ಮಾಡಿಸುತ್ತಿದ್ದ. ಕಿಟಕಿ ಹಿತ್ತಲ ಕಡೆಗೆ ಮಾತ್ರ. ಏಣಿಯ ಬದಲು ಮುಂದೆ ಹಾಕಿಸುವ ಮೆಟ್ಟಿಲು ಇಳಿಯುವುದು ಅಣ್ಣ-ಅತ್ತಿಗೆಯ ಕೋಣೆಯೊಳಕ್ಕೆ.

"ಸಾಯೋ ತನಕ ನಿನ್ನನ್ನ ತಲೆ ಮೇಲೆ ಕೂರಿಸ್ಕೋತೀನಿ" ಎಂದು ಜೋರಾಗಿ ನಕ್ಕಿದ್ದ. ನಾನೂ ನಕ್ಕೆ. ಈ ಕೆಲಸ ಮುಗಿದರೆ ನಾನೂ ಮುಗಿದೆ ಎಂದು ನನಗೆ ಗೊತ್ತಿತ್ತು. ಹಾಗಿದ್ದೂ ದಿನಾ ಬೆಳಗ್ಗೆ ಹತ್ತಿ ಹೋಗಿ ಸುತ್ತಿಗೆ ಹಿಡಿಯುತ್ತಿದ್ದೆ.

ಬಿಸಿಲು, ಚಳಿ ತಡೆಯಲು ಹೆಂಚಿನಡಿ ಗಾಜಿನ ಉಣ್ಣೆ ಹಾಕುವವನಿಗೆ ಅಣ್ಣನ ಕೆಲಸಗಾರರು 'ಉಣ್ಣೆ' ಎಂದೇ ಹೆಸರಿಟ್ಟರು. ಅದರ ನವಿರು ಎಳೆ ಮೈಗೆ ತಾಗಿದರೆ ತುರಿಕೆ ಜೀವ ಹಿಂಡುತ್ತದೆ. ಹಾಗಾಗಿ ಇಬ್ಬರೂ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡೇ ಇರುತ್ತಿದ್ದೆವು. ಕಾಣುತ್ತಿದ್ದದ್ದು ಕಣ್ಣು ಮಾತ್ರ. ಅವನಿಗೆ ನಗು ಬಂದರೆ ಮೊದಲು ಎಡಗಣ್ಣು ಕಿರಿದಾಗುತ್ತಿತ್ತು, ಆಮೇಲೆ ಬಲಗಣ್ಣು. ರೆಪ್ಪೆಯ ತುದಿಯಲ್ಲಿ ಮರದ ಪುಡಿ. ಊದಿ ಹಾರಿಸೋಣವೆನಿಸಿ, ನನ್ನನ್ನೇ ಬೈದುಕೊಂಡು ಇನ್ನೊಂದು ಮೊಳೆ ಹೊಡೆಯುತ್ತಿದ್ದೆ.

ಹೆಂಚು ಹೊತ್ತು ಬಾಗಿದ ಹಳೆಯ ಪಕ್ಕಾಸುಗಳಿಗೆ ಬಲ ಬರಲೆಂದು ಒಂದೊಂದರ ಪಕ್ಕಕ್ಕೂ ಹೊಸ ಮರ ಕೂರಿಸಿ ಬೋಲ್ಟು ಹಾಕಬೇಕಿತ್ತು. ಆ ಕೆಲಸ ಒಬ್ಬರ ಕೈಲಿ ಆಗುವಂಥದ್ದಲ್ಲ. ನಾನು ಈ ಕಡೆಯಿಂದ ಬೋಲ್ಟು ಬಡಿದರೆ ಅವನು ಆ ಕಡೆ ನಟ್ಟು ಹಿಡಿಯುತ್ತಿದ್ದ.

"ಬಿಗಿಯಾಯ್ತಾ?" ಎಂದೆ.

"ಆಯ್ತು. ಇನ್ನೂ ತಿರುಗಿಸಿದ್ರೆ ಮರ ಸೀಳುತ್ತೆ."

"ಸೀಳಿದ್ರೆ ಸೀಳಲಿ."

"ಮರದ ಮೇಲೂ ಕೋಪಾನಾ? ಮೂಗಿನ ಮೇಲೆ ಮಾತ್ರ ಅಂದ್ಕೊಂಡಿದ್ದೆ."

ಹೆಂಚಿನ ಕೆಳಗೆ ಗಾಜಿನ ಉಣ್ಣೆಯನ್ನು ನಾನು ಮುಷ್ಟಿಯಿಂದ ಗುದ್ದಿ ತುರುಕುತ್ತಿದ್ದರೆ ಅವನು ನನ್ನ ಮಣಿಕಟ್ಟು ಹಿಡಿದ. ಯಾರಾದರೂ ಕೈ ಹಿಡಿದರೆ ನನ್ನ ಮೈಯೆಲ್ಲ ಕಲ್ಲಾಗುತ್ತದೆ. ಅದು ಗೊತ್ತಾಯಿತೋ ಏನೋ, ತಕ್ಷಣ ಬಿಟ್ಟ.

"ಹೆಂಚಿಗೆ ಒತ್ತಬೇಡಿ. ನಾಲ್ಕು ಬೆರಳು ಜಾಗ ಬಿಡಿ. ಗಾಳಿ ಆಡದೇ ಇದ್ರೆ ಮರ ಬೆವರಿ ಕೊಳೆಯುತ್ತೆ."

"ಬೆಚ್ಚಗಿರಲಿ ಅಂತ ತಾನೇ ಇದೆಲ್ಲ?"

"ಬೆಚ್ಚಗಿರಲಿ. ಉಸಿರು ಕಟ್ಟೋದು ಬೇಡ."

ಅವನು ಛಾವಣಿಯ ಬಗ್ಗೆಯೇ ಹೇಳಿದ್ದು. ನನಗೆ ಮಾತ್ರ ಅಳು ಒತ್ತಿಕೊಂಡು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಮುಂದಿನ ಮೊಳೆಗೆ ಹೊಡೆದದ್ದು ನನ್ನ ಹೆಬ್ಬೆರಳಿಗೇ ಬಿತ್ತು. ಅವನು ನಗಲಿಲ್ಲ. ತನ್ನ ನೀರಿನ ಬಾಟಲಿ ತೆರೆದು ಬೆರಳ ಮೇಲೆ ಸುರಿದು, ತನ್ನ ಕೆಲಸಕ್ಕೆ ಹೋದ. ಅವತ್ತೇ ನಾನು ಅವನಿಗೆ ಮನಸ್ಸು ಕೊಟ್ಟೆ, ಇನ್ನು ಮುಚ್ಚಿಟ್ಟು ಏನು?

ಆ ದಿನ ಮಧ್ಯಾಹ್ನ ಊಟಕ್ಕೆ ಮಾಸ್ಕು ತೆಗೆದಾಗ ಅವನ ಕೆನ್ನೆಯಲ್ಲಿ ಗಾಜಿನ ಎಳೆ ಚುಚ್ಚಿಕೊಂಡಿತ್ತು. ಅಂಟುಪಟ್ಟಿ ಒತ್ತಿ ಕಿತ್ತರೆ ಎಳೆ ಬರುತ್ತದೆ. ಒತ್ತಿದೆ. ಕೀಳುವುದನ್ನು ಮರೆತೆ. ಅವನು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದ.

"ಕೀಳ್ತೀರಾ, ಇಲ್ಲಾ ಹಂಗೇ ಇರ್ತೀರಾ?"

"ನೋವಾಗುತ್ತೆ."

"ನಿಮ್ಮಿಂದ ನೋವಾಗೋದು ಹೊಸದಾ?"

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕಿಂಡಿಯಲ್ಲಿ ಅಣ್ಣನ ತಲೆ ಕಂಡಿತು.

ಬನಿಯನ್ನಿನಲ್ಲೇ ಇದ್ದ ಅಣ್ಣ ಹಾರಿ ಬಂದು ಉಣ್ಣೆಯ ಮುಖಕ್ಕೆ ಗುದ್ದಿದ. ಬಿದ್ದವನ ಪಕ್ಕೆಗೆ ಒದ್ದ, ಕೊರಳಪಟ್ಟಿ ಹಿಡಿದು ಎತ್ತಿ ಮತ್ತೆ ಗುದ್ದಿದ. "ನನ್ನ ಮನೇಲೇ! ನನ್ನ ತಂಗೀನೇ!" ಉಣ್ಣೆ ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದನೇ ಹೊರತು ತಿರುಗಿ ಹೊಡೆಯಲಿಲ್ಲ. ಅದಕ್ಕೇ ಅಣ್ಣನಿಗೆ ಇನ್ನಷ್ಟು ರೋಷ. ಪಕ್ಕಾಸುಗಳ ಸಂದಿಯ ಗಾಜಿನ ಉಣ್ಣೆಯನ್ನು ಬರಿಗೈಯಲ್ಲಿ ಬಾಚಿ ಬಾಚಿ ಹರಿದು ಎಸೆದ. ದೊಡ್ಡ ಸುತ್ತಿಗೆ ಎತ್ತಿ ಛಾವಣಿಗೆ ಆಸರೆಯಾಗಿ ನಿಲ್ಲಿಸಿದ್ದ ಮರದ ಊರೆಗೆ ಬಡಿದ. ಊರೆ ಎರಡು ತುಂಡಾಯಿತು. ಹೆಂಚುಗಳು ಜಾರಿ ಬೀದಿಗೆ ಬಿದ್ದು ಪುಡಿಯಾದವು, ಛಾವಣಿ ನರಳಿತು. ನಾವಿಬ್ಬರು ಬಿಗಿದಿದ್ದ ಬೋಲ್ಟುಗಳು ತಡೆದುಕೊಂಡವು, ಇಲ್ಲದಿದ್ದರೆ ಮೂವರ ಮೇಲೂ ಕುಸಿಯುತ್ತಿತ್ತು.

ಪಕ್ಕದಲ್ಲಿ ಬಿದ್ದಿದ್ದ ಸ್ಪ್ಯಾನರ್ ಅಷ್ಟರಲ್ಲಿ ನನ್ನ ಕೈ ಸೇರಿತ್ತು. ಅಣ್ಣನ ಬೆನ್ನು ನನ್ನ ಕಡೆಗಿತ್ತು. ಎತ್ತಿದೆ. ಒಂದೇ ಏಟು ಸಾಕಿತ್ತು, ಕೈಗೂ ಅದೇ ಬೇಕಿತ್ತು. ಆದರೆ ಆ ಏಟು ಬಿದ್ದರೆ ನಾನು ಇದೇ ಮನೆಯವಳಾಗಿ ಉಳಿಯುತ್ತಿದ್ದೆ.

ಸ್ಪ್ಯಾನರ್ ಬಿಸಾಡಿದೆ. ಉಣ್ಣೆಯ ರಟ್ಟೆ ಹಿಡಿದು ಎಳೆದು ಕಿಂಡಿಗೆ ನೂಕಿದೆ, ಅವನ ಹಿಂದೆಯೇ ದಡದಡ ಇಳಿದೆ. ಅಣ್ಣ ಕಿಂಡಿಯ ಅಂಚಿಗೆ ಬರುವಷ್ಟರಲ್ಲಿ ಏಣಿಯನ್ನು ಕಿತ್ತು ನೆಲಕ್ಕೆ ಕೆಡವಿದೆ. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಳು ಎಂದು ಜನ ಬೈದರೆ ಬೈಯಲಿ.

"ಏಣಿ ಇಡೇ!" ಮೇಲಿಂದ ಹೆಂಚಿನ ಚೂರು, ಮೊಳೆಯ ಡಬ್ಬಿ ಬಂದು ಬಿದ್ದವು. ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದವಳು, ಮೇಲೆ ನೋಡಿ, ನನ್ನನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ.

ಉಣ್ಣೆ ಗೋಡೆಗೊರಗಿ ಕೂತಿದ್ದ. ತುಟಿ ಒಡೆದಿತ್ತು.

"ನಾನು ನಿಮ್ಮ ಜೊತೆ ಬರ್ತೀನಿ" ಎಂದೆ. "ಕೇಳ್ತಾ ಇಲ್ಲ, ಹೇಳ್ತಾ ಇದ್ದೀನಿ. ಬೇಡ ಅನ್ನೋದಿದ್ರೆ ಈಗಲೇ ಅನ್ನಿ."

"ಬೇಡ ಅನ್ನೋಕೆ ಬಾಯಿ ಎಲ್ಲಿದೆ, ಊದಿಕೊಂಡಿದೆ." ಆಮೇಲೆ ನಗು ಬಿಟ್ಟು ಹೇಳಿದ: "ನಿಮ್ಮನ್ನ ಕಂಡ್ರೆ ನನಗೆ ಸ್ವಲ್ಪ ಭಯ. ಪ್ರೀತಿ ಅದಕ್ಕಿಂತ ಜಾಸ್ತಿ. ಹೊಡೀತೀರಾ ಇನ್ನು?"

"ಇಲ್ಲ."

"ನಾನೂ ಇಲ್ಲ."

ಮೇಲೆ ಸದ್ದು ನಿಂತಿತ್ತು. ಮತ್ತೆ ಶುರುವಾದದ್ದು ಬೈಗುಳವಲ್ಲ, ಪರಪರ ಕೆರೆಯುವ ಸದ್ದು. ಅಣ್ಣನ ಬೆವರಿದ ಬರಿತೋಳಿಗೆ, ಕೊರಳಿಗೆ ಗಾಜಿನ ಎಳೆ ಹತ್ತಿತ್ತು.

"ಪುಟ್ಟೀ... ಮೈಗೆ ಬೆಂಕಿ ಬಿದ್ದಂಗಾಗ್ತಿದೆ ಕಣೇ!"

"ಕೆರೀಬೇಡಿ!" ಉಣ್ಣೆ ಎದ್ದು ನಿಂತ. "ಕೆರೆದಷ್ಟೂ ಒಳಕ್ಕೆ ಹೋಗುತ್ತೆ. ತಣ್ಣೀರು ಬಿಡಬೇಕು."

"ಸುತ್ತಿಗೆ ಅಲ್ಲೇ ಇಟ್ಟು ಬಾ ಅಣ್ಣ" ಎಂದು ಏಣಿ ಎತ್ತಿ ನಿಲ್ಲಿಸಿದೆ.

ಅಣ್ಣ ಎರಡೂ ಕೈ ಮೈಯಿಂದ ದೂರ ಹಿಡಿದು, ಮೊಣಕೈ ಊರಿ ಊರಿ ಇಳಿದ. ಬೆರಳು ಮಡಿಸಿದರೆ ಚುಚ್ಚುತ್ತಿತ್ತು, ಮುಷ್ಟಿ ಕಟ್ಟುವ ಹಾಗಿರಲಿಲ್ಲ. ಅತ್ತಿಗೆ ಬಚ್ಚಲಲ್ಲಿ ಬಕೆಟ್ ತುಂಬಿಸಿಟ್ಟಳು. ಉಣ್ಣೆ ಚೊಂಬಿನಿಂದ ಅವನ ಕೈಗೆ ನೀರು ಬಿಡುತ್ತ ಹೋದ, ತನ್ನ ತುಟಿಯ ರಕ್ತ ಒರೆಸಿಕೊಳ್ಳಲೂ ನಿಲ್ಲಿಸಲಿಲ್ಲ.

ಅಣ್ಣ ಅವನ ಮುಖ ನೋಡಲಿಲ್ಲ. ನೀರನ್ನೇ ನೋಡುತ್ತ ನನ್ನನ್ನು ಕೇಳಿದ: "ಇವನೂ ಹೊಡೆದ್ರೆ?"

"ಹೊಡೆದ್ರೆ ನಾನೇ ಬಾಗಿಲು ತೆಗೆದು ಆಚೆ ಬರ್ತೀನಿ."

"ನಾನು ಬರಬಾರದಾ?"

ಇಷ್ಟು ದೊಡ್ಡ ಆಳು ಚಿಕ್ಕ ಹುಡುಗನ ಹಾಗೆ ಕೇಳಿದ. ಪಕ್ಕದಲ್ಲಿ ಕೂತು, ಅವನ ಒದ್ದೆ ಕೈ ತೆಗೆದುಕೊಂಡು, ಅಂಗೈಯಿಂದ ಎಳೆಗಳನ್ನು ಒಂದೊಂದಾಗಿ ಅಂಟುಪಟ್ಟಿಯಲ್ಲಿ ಕೀಳತೊಡಗಿದೆ.

"ಕರೆದಾಗ ಬಾ ಅಣ್ಣ" ಎಂದೆ. "ಕರೀತೀನಿ."